ನೀಲಕ್ಕನ ಕೈ ಸುಟ್ಟದ್ದು ಗಂಜಿಯಲ್ಲ

ಗಿರಿಜಾ, ನಿನ್ನ ಅತ್ತೆಯ ಕೈ ಸುಟ್ಟವಳು ನಾನು. ಗಂಜಿಯಲ್ಲ, ನೀನಲ್ಲ, ನಿನ್ನ ಕೈಗುಣವಲ್ಲ, ಕಾಲ್ಗುಣವಲ್ಲ. ನಾನು – ಗಜೇಂದ್ರಗಡದ ಶಾಲೆಯಲ್ಲಿ ಮಕ್ಕಳಿಗೆ ಕೈಕೆಲಸ ಕಲಿಸುವ ಸುಮಿತ್ರಾ. ನಿಮ್ಮ ಓಣಿಯವರೆಲ್ಲ ಅಕ್ಕಾರು ಎಂದು ಕರೆದು, ಕಂಡ ಕೂಡಲೇ ಕಟ್ಟೆಯ ಮೇಲೆ ಜಾಗ ಬಿಡುವ ಹೆಂಗಸು. ಪ್ಲಾಸ್ಟರ್ ಆಫ್ ಪ್ಯಾರಿಸ್ ಎಂಬ ಬಿಳಿ ಪುಡಿಯನ್ನು ನೀರಲ್ಲಿ ಕಲಸಿ, ಅದರಲ್ಲಿ ಅವಳ ಬಲಗೈ ಹುಗಿದು, ಆ ಕೈ ಬೇಯುವವರೆಗೆ ಪಕ್ಕದಲ್ಲಿ ಕೂತಿದ್ದೆ. ಆಮೇಲೆ ಗಂಜಿ ಬಿತ್ತು ಎಂದು ಸುಳ್ಳು ಹೇಳಿದೆ. ಆ ಸುಳ್ಳನ್ನು ಒಂಬತ್ತು ವರ್ಷ ಹೊತ್ತವಳು ನೀನು.

ನಯವಾಗಿ ಬರೆಯಲು ನನಗೆ ಬರುವುದಿಲ್ಲ. ಬಂದರೂ ಬರೆಯುವುದಿಲ್ಲ. ನನ್ನ ಮೇಲೆ ನನಗೆ ಎಂಥ ಸಿಟ್ಟಿದೆಯೆಂದರೆ – ಹೋಗಲಿ, ನನ್ನ ಸಿಟ್ಟು ಕಟ್ಟಿಕೊಂಡು ನಿನಗೇನಾಗಬೇಕು. ನಡೆದದ್ದನ್ನು ಹೇಳುತ್ತೇನೆ. ನಿನಗೆ ಗೊತ್ತಿರುವುದನ್ನೂ ಬಿಡದೆ ಬರೆಯುತ್ತೇನೆ, ಏಕೆಂದರೆ ಇದನ್ನು ಗೊತ್ತಿಲ್ಲದವರೂ ಓದಬೇಕು.

ನೀಲಕ್ಕ ನಿಮ್ಮ ಓಣಿಯಲ್ಲಿ ಎಂಥ ನೇಕಾರಳಾಗಿದ್ದಳು ಎಂಬುದನ್ನು ನೀನು ಸರಿಯಾಗಿ ನೋಡಲೇ ಇಲ್ಲ. ನೀನು ಆ ಮನೆಗೆ ಬಂದು ಎರಡು ತಿಂಗಳಾಗಿತ್ತು, ಅಷ್ಟರಲ್ಲಿ ನಾನು ಆ ಕೈ ಕಳೆದೆ. ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ನೂಲಿನ ಹಾಸು ಮುಗಿಯುತ್ತ ಬಂದಾಗ ಹೊಸ ಹಾಸಿನ ಒಂದೊಂದೇ ಎಳೆಯನ್ನು ಹಳೆಯ ಎಳೆಗೆ ಜೋಡಿಸಬೇಕಲ್ಲ – ಸಾವಿರಾರು ಎಳೆ – ಆ ಕೆಲಸಕ್ಕೆ ಎಲ್ಲರೂ ಗಂಟು ಹಾಕುತ್ತಾರೆ. ನೀಲಕ್ಕ ಗಂಟು ಹಾಕುತ್ತಿರಲಿಲ್ಲ. ಬೆರಳಿಗೆ ಚಿಟಿಕೆ ಬೂದಿ ಹಚ್ಚಿಕೊಂಡು, ಎರಡು ಎಳೆಗಳ ತುದಿ ಕೂಡಿಸಿ, ಹೆಬ್ಬೆರಳು ತೋರುಬೆರಳಿನ ನಡುವೆ ಒಮ್ಮೆ ಹೊಸೆದು ಬಿಡುವಳು. ಎಲ್ಲಿ ಕೂಡಿತು ಎಂದು ಹುಡುಕಿದರೂ ಸಿಗುತ್ತಿರಲಿಲ್ಲ. ಎಳೆಗಳನ್ನು ಬಿಡಿಸಿ ಹಿಡಿಯುವ ಹಣಿಗೆಯಲ್ಲಿ ಸಿಕ್ಕಿ ಒಂದು ಎಳೆ ಕಿತ್ತು ಬಂದದ್ದಿಲ್ಲ. ಮಾತಾಡುತ್ತ, ನಗುತ್ತ, ನನ್ನ ಸೀರೆಯ ಬಣ್ಣ ಸುಮಾರಿದೆ ಎಂದು ಹಂಗಿಸುತ್ತ ಹೊಸೆಯುತ್ತಿದ್ದಳು. ಬೆರಳುಗಳು ಅವಳ ಮಾತು ಕೇಳಿಸಿಕೊಳ್ಳದೆ ತಮ್ಮ ಪಾಡಿಗೆ ತಾವು ಕೆಲಸ ಮಾಡುತ್ತಿದ್ದವು.

ಆ ಬೆರಳು ನೋಡಿ ನನಗೆ ಆಸೆ ಹುಟ್ಟಿತು. ಕಲೆಯ ಮೇಲಿನ ಪ್ರೀತಿ ಎಂದು ಬರೆಯಲು ಪೆನ್ನು ತುದಿಗಾಲಲ್ಲಿ ನಿಂತಿದೆ, ಆದರೆ ಅದು ಸುಳ್ಳು. ರೋಣದಲ್ಲಿ ಆ ವರ್ಷ ಜಿಲ್ಲೆಯ ಶಿಕ್ಷಕರ ಕೈಕೆಲಸದ ಪ್ರದರ್ಶನವಿತ್ತು. ನರಗುಂದದ ಕಡೆಯ ಮಾಸ್ತರರೊಬ್ಬರು ಥರ್ಮೋಕೋಲಿನ ಗುಡ್ಡ, ಕೋಟೆ ಮಾಡಿಕೊಂಡು ಬಂದು ಪ್ರತಿ ಸಲ ಮೊದಲ ಬಹುಮಾನ ಒಯ್ಯುತ್ತಿದ್ದರು. ನಾನು ಪ್ಲಾಸ್ಟರಿನ ತಟ್ಟೆ, ಹೂಕುಂಡ, ಗಿಳಿ, ನವಿಲು ಒಯ್ದು, ಸಮಾಧಾನಕರ ಬಹುಮಾನ ತಂದು, ಮುಖ ಊದಿಸಿಕೊಂಡು ಬರುತ್ತಿದ್ದೆ. ಹೊಟ್ಟೆಕಿಚ್ಚು. ಬೇರೆ ಹೆಸರಿಲ್ಲ ಅದಕ್ಕೆ. ನೇಕಾರಳ ಜೀವಂತ ಕೈ, ಬೆರಳ ನಡುವೆ ನೂಲು ಹಿಡಿದ ಕೈ, ಉಗುರಿನ ಗೆರೆಯೂ ಕಾಣುವಂಥ ಕೈ ಒಯ್ದರೆ ಆ ಮನುಷ್ಯನ ಕೋಟೆ ಮೂಲೆ ಸೇರುತ್ತದೆ ಎಂದು ಲೆಕ್ಕ ಹಾಕಿದೆ.

ಮಕ್ಕಳಿಗೆ ನಾನು ಕಲಿಸುವ ರೀತಿ ಬೇರೆ. ಹಸಿ ಮಣ್ಣಿನಲ್ಲಿ ಅಂಗೈ ಒತ್ತಿಸುತ್ತೇನೆ, ಕೈ ತೆಗೆಸುತ್ತೇನೆ, ಆ ಗುಳಿಯಲ್ಲಿ ಪ್ಲಾಸ್ಟರ್ ಹೊಯ್ಯುತ್ತೇನೆ. ಪ್ಲಾಸ್ಟರಿಗೂ ಚರ್ಮಕ್ಕೂ ಸಂಬಂಧವೇ ಬರುವುದಿಲ್ಲ. ಕಲಸಿದ ಪ್ಲಾಸ್ಟರ್ ಗಟ್ಟಿಯಾಗುವಾಗ ತನ್ನಷ್ಟಕ್ಕೆ ಬಿಸಿಯಾಗುತ್ತದೆ. ತೆಳ್ಳಗಿದ್ದರೆ ಬೆಚ್ಚಗೆ, ದಪ್ಪಗಿದ್ದರೆ ಸುಡುವಷ್ಟು. ಅದರಲ್ಲಿ ಕೈ ಅದ್ದಬಾರದು ಎಂದು ಚೀಲದ ಮೇಲೇ ಬರೆದಿರುತ್ತದೆ. ಅದನ್ನು ನಾನು ಓದಿದ್ದೆ, ಗಿರಿಜಾ. ಓದಿ ಐದನೆಯ ಇಯತ್ತೆಯ ಮಕ್ಕಳಿಂದ ಗಟ್ಟಿಯಾಗಿ ಹೇಳಿಸಿದ್ದೆ. ಗೊತ್ತಿಲ್ಲದೆ ಮಾಡಿದೆ ಎಂದು ಯಾರಾದರೂ ನನ್ನ ಪರವಾಗಿ ಹೇಳಲು ಬಂದರೆ ಅವರಿಗೆ ಈ ಸಾಲು ತೋರಿಸು.

ಮಣ್ಣಿನಲ್ಲಿ ಒತ್ತಿದರೆ ಅಂಗೈ ಮೂಡುತ್ತದೆ, ನೂಲು ಹಿಡಿದ ಬೆರಳು ಮೂಡುವುದಿಲ್ಲ. ಅದಕ್ಕೆ ಕೈಯ ಸುತ್ತ ಪ್ಲಾಸ್ಟರನ್ನೇ ಹೊಯ್ಯಬೇಕು. ಮೊದಲೇ ಕೈಯ ಮೇಲೆ ಒಂದು ದಾರ ಹಾಸಿಟ್ಟು, ಪ್ಲಾಸ್ಟರ್ ಅರ್ಧ ಗಟ್ಟಿಯಾದಾಗ ಆ ದಾರ ಎಳೆದು ಅಚ್ಚನ್ನು ಎರಡು ಹೋಳಾಗಿ ಸೀಳಿ, ಕೈ ಬಿಡಿಸಬೇಕು. ಆಗುತ್ತದೆ ಎಂದುಕೊಂಡೆ. ತೆಂಗಿನೆಣ್ಣೆ ಹಚ್ಚಿದರೆ ಆಯಿತು ಎಂದುಕೊಂಡೆ. ಮತ್ತೆ – ಹೌದು, ನೀಲಕ್ಕ ತಡೆದುಕೊಳ್ಳುತ್ತಾಳೆ ಎಂದುಕೊಂಡೆ.

ಆ ದಿನ ನಿನ್ನ ಮಾವ ಈರಪ್ಪನೂ ನಿನ್ನ ಗಂಡ ಬಸವರಾಜನೂ ನೂಲು ತರಲು ಇಲಕಲ್ಲಿಗೆ ಹೋಗಿದ್ದರು. ನಾನು ಕೇಳಿದ್ದಕ್ಕೆ ನೀಲಕ್ಕ ಒಪ್ಪಿದ್ದಳು; ಗಂಡಸರಿಲ್ಲದ ದಿನವನ್ನು ನಾನೇ ಆರಿಸಿದ್ದೆ. ಇದ್ದಿದ್ದರೆ ಇಂಥ ಆಟಕ್ಕೆ ಬಿಡುತ್ತಿರಲಿಲ್ಲ. ನೀನು ಬೆಳಿಗ್ಗೆ ಎದ್ದು ಹಾಸಿನ ನೂಲಿಗೆ ಹಚ್ಚುವ ಗಂಜಿ ಕಾಯಿಸಿ, ಪಾತೇಲಿ ಇಳಿಸಿ, ಬಟ್ಟೆ ಗಂಟು ಕಟ್ಟಿಕೊಂಡು ಬಾವಿಗೆ ಹೊರಟಿದ್ದೆ. ಹಿತ್ತಲಿನಲ್ಲಿ ನನ್ನ ಎದುರಿಗೇ ಹಾದುಹೋದೆ. ನಿನ್ನ ಮುಖದಲ್ಲಿ ಇನ್ನೂ ಮದುವೆಯ ಅರಿಶಿನ ಇತ್ತು. ನೀಲಕ್ಕ ನಿನ್ನ ಬೆನ್ನು ನೋಡುತ್ತ ಹೇಳಿದ ಮಾತು ನಿನಗೆ ಯಾರೂ ಮುಟ್ಟಿಸಿರಲಿಕ್ಕಿಲ್ಲ. "ಮುಶಿಗೇರಿ ಹುಡುಗಿ, ಹೊಲಾ ಮಾಡಿದ ಮನಿಯಾಕಿ, ಮಗ್ಗ ಹ್ಯಾಂಗ ಹಿಡಿತಾಳೋ ಅಂದಿದ್ದೆ. ಬೆರಳ ಭಾಳ ಚಲೋ ಅದಾವ್ರಿ ಅಕ್ಕಾರ. ಈ ಹಾಸ ಮುಗಿಲಿ, ಹೊಸಿಯೂದು ಕಲಸ್ತೀನಿ." ಹಾಗೆಂದಳು. ನಾನು ಪ್ಲಾಸ್ಟರಿನ ಚೀಲ ಬಿಚ್ಚುತ್ತಿದ್ದೆ, ಹ್ಞೂಂ ಎಂದೆ.

ಗಂಡಸರು ಮಧ್ಯಾಹ್ನದ ಬಸ್ಸಿಗೆ ಬರುವರೆಂದು ನನಗೆ ಅವಸರ. ಲಗೂ ಗಟ್ಟಿಯಾಗಲಿ ಎಂದು ಬೆಚ್ಚನೆಯ ನೀರಲ್ಲಿ ಕಲಸಿದೆ, ಅದು ಸಾಲದೆಂದು ಒಂದು ಹಿಡಿ ಉಪ್ಪೂ ಹಾಕಿದೆ. ಉಪ್ಪು ಬಿದ್ದರೆ ಬೇಗ ಬಿಗಿಯುತ್ತದೆ, ಬೇಗ ಕಾಯುತ್ತದೆ. ಎಣ್ಣೆ ಡಬ್ಬಿಯನ್ನು ಅರ್ಧಕ್ಕೆ ಕತ್ತರಿಸಿದ ತಳದಲ್ಲಿ ನೀಲಕ್ಕ ಕೈ ಇಟ್ಟಳು, ಬೆರಳ ನಡುವೆ ನೂಲು ಹಿಡಿದಳು, ನಾನು ಮೇಲೆ ದಾರ ಹಾಸಿ ಮಣಿಕಟ್ಟಿನವರೆಗೆ ಹೊಯ್ದೆ.

"ಅಕ್ಕಾರ, ಬೆಚ್ಚಗ ಆಗಾಕತ್ತೈತ್ರಿ" ಎಂದಳು.

"ಅದರ ಗುಣಾನ ಹಾಂಗ ನೀಲಕ್ಕ. ಅಲಗಾಡಬ್ಯಾಡ."

ಎಡಗೈಯಿಂದ ಡಬ್ಬಿಯ ಅಂಚು ಹಿಡಿದಳು. ಹಣೆಯ ಮೇಲೆ ಬೆವರು ಬಂತು. "ಸುಡಾಕತ್ತೈತ್ರಿ ಅಕ್ಕಾರ. ತಗೀರಿ."

"ಒಂದೀಟ ತಡಿ. ಈಗ ತಗದ್ರ ಎಲ್ಲಾ ಹಾಳಾಕ್ಕೈತಿ."

ಇವು ನನ್ನ ಮಾತುಗಳು. ಬಡಿವಾರದ ಹೆಂಗಸಿನ ಮಾತುಗಳು. ತಗೀರಿ ಎಂದು ಅವಳು ಮೂರು ಸಲ ಅಂದಳು. ಮೂರನೆಯ ಸಲ ನಾನು ದಾರ ಎಳೆದೆ – ಅದು ತುಂಡಾಗಿ ಕೈಗೆ ಬಂತು. ಪ್ಲಾಸ್ಟರ್ ಆಗಲೇ ಕಲ್ಲಾಗಿತ್ತು. ನೂಲು ಹಿಡಿದು ಮಡಿಚಿದ ಬೆರಳು, ಎಳೆದರೆ ಬರುವುದಿಲ್ಲ. ನೀಲಕ್ಕ ಕಿರುಚಲಿಲ್ಲ. ಸೆರಗನ್ನು ಬಾಯಿಗೆ ತುರುಕಿಕೊಂಡಳು, ಆಜುಬಾಜಿನವರಿಗೆ ಕೇಳಿದರೆ ಅಕ್ಕಾರಿಗೆ ಕೆಟ್ಟ ಹೆಸರು ಬಂದೀತೆಂದು.

ಕೊನೆಗೆ ಅಚ್ಚು ಬಿಟ್ಟಿತು. ಕೈ ಹೊರಬಂದಾಗ ಹೆಬ್ಬೆರಳು, ತೋರುಬೆರಳು, ನಡುಬೆರಳು – ಬೇಡ. ನೀನು ಒಂಬತ್ತು ವರ್ಷ ಆ ಕೈಗೆ ಎಣ್ಣೆ ಹಚ್ಚಿದವಳು. ನಾನು ವರ್ಣಿಸುವುದು ಬೇಕಿಲ್ಲ.

ಆಗ ನನಗೆ ಮೊದಲು ನೆನಪಾದದ್ದು ದವಾಖಾನಿಯಲ್ಲ. ನನ್ನ ನೌಕರಿ. ಮಕ್ಕಳಿಗೆ ಬೇಡವೆಂದು ಕಲಿಸುವುದನ್ನು ಒಬ್ಬ ಹೆಂಗಸಿನ ಕೈಗೆ ಮಾಡಿದೆನೆಂದು ತಿಳಿದರೆ ಶಾಲೆಯಲ್ಲಿ ಒಂದು ದಿನವೂ ಇಟ್ಟುಕೊಳ್ಳುತ್ತಿರಲಿಲ್ಲ. ಹಿತ್ತಲಲ್ಲಿ ಕಣ್ಣಾಡಿಸಿದೆ. ಗಂಜಿಯ ಪಾತೇಲಿ ಕಾಣಿಸಿತು. ಮಗ್ಗದ ಮನೆಯಲ್ಲಿ ಗಂಜಿಯಿಂದ ಕೈ ಸುಡುವುದು ಹೊಸದಲ್ಲ. ಯಾರೂ ಎರಡನೆಯ ಪ್ರಶ್ನೆ ಕೇಳುವುದಿಲ್ಲ. ಎದ್ದು ಹೋಗಿ, ಮುಚ್ಚಳ ತೆಗೆದು ಬದಿಗಿಟ್ಟು, ಪಾತೇಲಿಯನ್ನು ಕಾಲಿನಿಂದ ಒದ್ದು ಉರುಳಿಸಿದೆ. ಕಾಲಿನಿಂದ. ಕೈಗೆ ಗಂಜಿ ತಾಗೀತೆಂದು.

ಆಮೇಲೆ ನೀಲಕ್ಕನನ್ನು ಎಬ್ಬಿಸಿ ಮಗ್ಗದ ಹತ್ತಿರ ಕರೆದುಕೊಂಡು ಹೋದೆ. "ಗಂಜಿ ಬಿತ್ತು ಅನ್ನು. ಮಗ್ಗ ಮುಟ್ಟಿ ಆಣಿ ಮಾಡು ನೀಲಕ್ಕ. ಇಲ್ಲಂದ್ರ ನಾ ಉಳಿಯಂಗಿಲ್ಲ" ಎಂದೆ. ಬಲಗೈ ಒದ್ದೆ ಬಟ್ಟೆಯಲ್ಲಿ ಸುತ್ತಿತ್ತು. ಎಡಗೈಯಿಂದ ಮಗ್ಗ ಮುಟ್ಟಿದಳು. ಆಣೆ ಮಾಡಿಸಿಕೊಂಡ ಮೇಲೆ ದವಾಖಾನಿಗೆ ಕರೆದೊಯ್ದೆ – ಅದಕ್ಕೆ ಮೊದಲಲ್ಲ.

ನೀನು ಒದ್ದೆ ಬಟ್ಟೆಯ ಬುಟ್ಟಿ ಹೊತ್ತು ಬಾಗಿಲಲ್ಲಿ ಸಿಕ್ಕೆ. ಗಂಜಿ ಹರಿದದ್ದನ್ನು ನೋಡಿದೆ, ಅತ್ತೆಯ ಕೈ ನೋಡಿದೆ. "ಪಾತೇಲಿ ನಾ ಗ್ವಾಡಿಗೆ ಹಚ್ಚಿ ಇಟ್ಟಿದ್ನಲ್ರಿ" ಎಂದೆ. ನಾನು ನಿನ್ನ ಮೇಲೆ ಹರಿಹಾಯ್ದೆ. "ಈಗ ಅದನ್ನ ಮಾತಾಡೂ ಹೊತ್ತೇನು? ಆಟೋ ಕರಿ ಹೋಗು." ನಿನ್ನ ತಲೆಯಲ್ಲಿ ಅನುಮಾನದ ಬೀಜ ಹಾಕಿದವಳು ಊರಿನವರಲ್ಲ, ನಾನು, ಆ ಒಂದು ಗದರಿಕೆ. ದವಾಖಾನಿಯಲ್ಲಿ ಡಾಕ್ಟರರು ಕೈ ನೋಡಿ, "ಗಂಜಿ ಇಷ್ಟ ಆಳಕ್ಕ ಸುಡತೈತೇನ್ರಿ?" ಎಂದು ಕೇಳಿದರು. "ದಪ್ಪ ಗಂಜ್ರಿ, ಅಂಟಿಕೊಂಡು ಬಿಡಲಿಲ್ಲ" ಎಂದೆ. ಉತ್ತರ ನಾಲಗೆಯ ಮೇಲೇ ಇತ್ತು.

ಇಲ್ಲಿಂದ ಮುಂದಿನದು ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಈರಪ್ಪನ ಅಕ್ಕ ಗುರವ್ವ ಬಂದಳು, ಪಡಸಾಲೆಯಲ್ಲಿ ಕೂತು ತೀರ್ಪು ಕೊಟ್ಟಳು. "ಮಗ್ಗ ಇಲ್ಲದ ಮನಿಯಿಂದ ಹೆಣ್ಣ ತಂದ್ರ ಹಿಂಗ ಆಕ್ಕೈತಿ. ಸುಡೂ ಪಾತೇಲಿ ಎಲ್ಲಿ ಇಡಬೇಕ ಅನ್ನೂದು ತಿಳಿಯಂಗಿಲ್ಲ. ಆಕಿ ಕೈಗುಣ ಚಲೋ ಇಲ್ಲ, ಹಾಸು ಮುಟ್ಟಿಸಬ್ಯಾಡ್ರಿ." ನಾನು ಅಲ್ಲೇ ಚಹಾ ಕುಡಿಯುತ್ತ ಕೂತಿದ್ದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು, ಜ್ವರ ತಂದವಳು ಚಹಾ ಚೆನ್ನಾಗಿದೆ ಎಂದಳು.

ನೀಲಕ್ಕ ಸುಮ್ಮನಿರಲಿಲ್ಲ. ಆಣೆ ಮುರಿಯದೆ ಎಷ್ಟು ಹೇಳಬಹುದೋ ಅಷ್ಟು ಹೇಳಿದಳು. "ಸೊಸಿದ ತಪ್ಪಿಲ್ಲ, ನಂದ ಕೈ ಜಾರಿತು" ಎಂದು ಬಂದವರಿಗೆಲ್ಲ ಹೇಳಿದಳು. ಅವಳು ಹೇಳಿದಷ್ಟೂ ಜನ, ಎಂಥ ದೊಡ್ಡ ಮನಸ್ಸಿನ ಅತ್ತೆ, ಸೊಸೆಯನ್ನು ಎಷ್ಟು ಮುಚ್ಚಿಕೊಳ್ಳುತ್ತಾಳೆ ಎಂದರು. ಅವಳಿಗೆ ಪುಣ್ಯ ಏರಿದಂತೆ ನಿನಗೆ ಪಾಪ ಏರಿತು. ನನ್ನ ಮನೆಗೆ ಎಷ್ಟೋ ಸಲ ಬಂದು, "ಅಕ್ಕಾರ, ಆಣಿ ನೀವ ಹಾಕಿಸಿದ್ರಿ, ನೀವ ಬಿಡಸ್ರಿ. ಆ ಹುಡುಗಿ ಮುಖ ನೋಡಾಕ ಆಗವಲ್ದು" ಎಂದು ಬೇಡಿಕೊಂಡಳು. ಇನ್ನೊಂದು ವರ್ಷ ತಡಿ ಎಂದೆ. ನನ್ನ ನೌಕರಿ ಕಾಯಂ ಆಗಲಿ ಎಂದೆ. ಕಾಯಂ ಆಯಿತು. ಆಮೇಲೆ ಅವಳಿಗೆ ಹೇಳಲು ನೆಪ ಬೇಕಿರಲಿಲ್ಲ. ಮಾತು ತಪ್ಪಿಸಿ ಒಳಗೆ ಹೋಗುತ್ತಿದ್ದೆ.

ನೀನು ರಾಟಿಯ ಮುಂದೆ ಕೂತು ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತಿದೆ. ಒಂಬತ್ತು ವರ್ಷ ಬರೀ ಕಂಡಿಕೆ. ಹಾಸಿನ ಹತ್ತಿರ ಹೋದರೆ ಯಾರಾದರೂ ಕೆಮ್ಮುತ್ತಿದ್ದರು. ನೀಲಕ್ಕನ ಬೆರಳಿಗೆ ನೂಲಿನ ಅರಿವೇ ಹೋಗಿತ್ತು, ತೋರುಬೆರಳು ಕೊಕ್ಕೆಯಂತೆ ಬಾಗಿ ನಿಂತಿತ್ತು. ಹೊಸ ಹಾಸು ಬಂದಾಗ ಬೇರೆ ಓಣಿಯಿಂದ ಒಬ್ಬಾಕೆಯನ್ನು ಕರೆಸಿ ಗಂಟು ಹಾಕಿಸುತ್ತಿದ್ದರು. ಆ ಗಂಟು ಹಣಿಗೆಯಲ್ಲಿ ಸಿಕ್ಕು ಕಿತ್ತಾಗೆಲ್ಲ ಈರಪ್ಪ ನಿನ್ನ ಕಡೆ ಒಮ್ಮೆ ನೋಡುತ್ತಿದ್ದ. ನಾನು ಹೋದ ದಿನಗಳಲ್ಲೇ ಅದನ್ನು ಕಂಡಿದ್ದೇನೆ. ನಾನಿಲ್ಲದ ದಿನಗಳ ಲೆಕ್ಕ ನಿನ್ನ ಹತ್ತಿರ ಇದೆ.

ಇನ್ನು ನನ್ನ ಸೌಭಾಗ್ಯ ಕೇಳು. ಆ ಅಚ್ಚಿನಲ್ಲಿ ಪ್ಲಾಸ್ಟರ್ ಹೊಯ್ದು ತೆಗೆದ ಕೈಗೆ ರೋಣದಲ್ಲಿ ಮೊದಲ ಬಹುಮಾನ ಬಂತು. "ನೇಕಾರಳ ಕೈ" ಎಂದು ಚೀಟಿ ಅಂಟಿಸಿ ಇಟ್ಟಿದ್ದೆ. ಅಚ್ಚು ತೆಗೆದದ್ದು ಎಂದು ಹೇಳಲಿಲ್ಲ. ನೀಲಕ್ಕನ ಕೈ ನೋಡುತ್ತ ನೋಡುತ್ತ ಕೆತ್ತಿದೆ ಎಂದೆ. ಉಗುರಿನ ಗೆರೆ ಕೂಡ ಹೇಗೆ ಕೆತ್ತಿದಿರಿ ಎಂದು ನರಗುಂದದ ಆ ಮಾಸ್ತರರೇ ಕೈ ಕುಲುಕಿದರು. ಶಾಲೆಯಲ್ಲಿ ಗಾಜಿನ ಕಪಾಟು ಮಾಡಿಸಿ ಅದರಲ್ಲಿಟ್ಟರು. ಬಂದ ಅತಿಥಿಗಳಿಗೆಲ್ಲ ತೋರಿಸಿದರು. ಊರಿನಲ್ಲಿ ಮತ್ತೊಂದು ಮಾತು ಹುಟ್ಟಿತು – ಅವತ್ತು ಅಕ್ಕಾರು ಅಲ್ಲಿದ್ದರೆಂದು ನೀಲಕ್ಕನ ಕೈ ಅಷ್ಟಾದರೂ ಉಳಿಯಿತು. ಅದಕ್ಕೂ ನಾನು ತಲೆ ತಗ್ಗಿಸಿ, ಏನು ಮಹಾ ಮಾಡಿದೆ ಎಂದೆ. ಥೂ.

ಮೇಲೆ ಬರೆಯುವಾಗ ಒಂದು ಮಾತು ಹಾರಿಸಿದೆ. ಹಾರಿಸಿದ್ದು ಗೊತ್ತಿದ್ದೇ ಹಾರಿಸಿದೆ, ಈಗ ವಾಪಸು ಬಂದಿದ್ದೇನೆ. "ಕೊನೆಗೆ ಅಚ್ಚು ಬಿಟ್ಟಿತು" ಎಂದು ಬರೆದೆನಲ್ಲ. ಅದು ತಾನಾಗಿ ಬಿಡಲಿಲ್ಲ. ಪ್ಲಾಸ್ಟರ್ ಕಲ್ಲಾದಾಗ ಹಿತ್ತಲ ಮೂಲೆಯಲ್ಲಿ ಸುತ್ತಿಗೆ ಇತ್ತು, ಕೈಗೆಟಕುವಷ್ಟು ಹತ್ತಿರ. ಡಬ್ಬಿಯ ಬದಿಗೆ ನಾಲ್ಕು ಏಟು ಹೊಡೆದಿದ್ದರೆ ಚೂರು ಚೂರಾಗಿ ಬಿಚ್ಚಿ, ಕೈ ಹೊರಗೆ ಬರುತ್ತಿತ್ತು. ಸುತ್ತಿಗೆ ನೋಡಿದೆ. ತೆಗೆದುಕೊಳ್ಳಲಿಲ್ಲ. ನನ್ನ ಚೀಲದಿಂದ ಸಣ್ಣ ಉಳಿ ತೆಗೆದು, ದಾರದ ಗೆರೆಯ ಗುಂಟ, ಮೆಲ್ಲಗೆ, ಟಕ್ ಟಕ್ ಎಂದು – ಅಚ್ಚು ಎರಡು ಹೋಳಾಗಿ ಚೊಕ್ಕವಾಗಿ ಬಿಡಲೆಂದು. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ನೀಲಕ್ಕ ಎರಡು ಸಲ ದೇವರ ಹೆಸರು ಹೇಳಿದಳು, ಆಮೇಲೆ ಅದನ್ನೂ ಬಿಟ್ಟಳು. ಒಳಗೆ ಕೈ ಬೇಯುತ್ತಿದೆ ಎಂದು ಗೊತ್ತಿತ್ತು. ಅಚ್ಚು ಒಡೆದರೆ ಬಹುಮಾನ ಹೋಗುತ್ತದೆ ಎಂದೂ ಗೊತ್ತಿತ್ತು. ಎರಡೂ ಗೊತ್ತಿದ್ದು, ಮೆಲ್ಲಗೆ ಬಡಿದೆ. ಆಟೋದಲ್ಲಿ ನೀನು ಅತ್ತೆಯ ತಲೆಯನ್ನು ನಿನ್ನ ಹೆಗಲಿಗೆ ಆನಿಸಿಕೊಂಡು ಕೂತಿದ್ದೆ. ನಾನು ಚೀಲವನ್ನು ತೊಡೆಯ ಮೇಲೆ ಎತ್ತಿ ಹಿಡಿದಿದ್ದೆ. ಅದರಲ್ಲಿ ಹಳೆಯ ಸೀರೆಯಲ್ಲಿ ಸುತ್ತಿದ ಆ ಎರಡು ಹೋಳುಗಳಿದ್ದವು. ರಸ್ತೆಯ ತಗ್ಗಿಗೆ ಆಟೋ ಕುಲುಕಿದಾಗ ನಾನು ಜೀವ ಬಿಗಿಹಿಡಿದದ್ದು ಅವುಗಳಿಗಾಗಿ.

ಇದನ್ನು ನೀಲಕ್ಕ ಕಂಡಿದ್ದಳು. ಆ ಉಳಿಯ ಸದ್ದು ಯಾಕೆ ಅಷ್ಟು ಮೆಲ್ಲಗಿತ್ತೆಂದು ಅವಳಿಗೆ ತಿಳಿದಿತ್ತು. ಒಂದು ದಿನವೂ ಬಾಯಿ ಬಿಟ್ಟು ಅನ್ನಲಿಲ್ಲ. ಅವಳ ಒಳ್ಳೆಯತನದ ಮೇಲೂ ನನಗೆ ಸಿಟ್ಟು ಬರುತ್ತದೆ. ಒಮ್ಮೆ ಬೀದಿಯಲ್ಲಿ ನಿಲ್ಲಿಸಿ ಮುಖಕ್ಕೆ ಉಗುಳಿದ್ದರೆ, ಗಿರಿಜಾ, ನೀನು ಉಳಿಯುತ್ತಿದ್ದೆ.

ಶ್ರಾವಣದಲ್ಲಿ ಅವಳು ತೀರಿಕೊಂಡಳು. ನಾಲ್ಕು ದಿನದ ಜ್ವರ. ಆಣೆ ಮುರಿಯದೆ ಹೋದಳು.

ಈಚೆಗೆ ಒಂದು ದಿನ ನೀನು ನನ್ನ ಮನೆಗೆ ಬಂದೆ. ಹೊಸ ಹಾಸು ಬಂದಿದೆ, ಗಂಟು ಹಾಕುವಾಕೆ ಮಗಳ ಬಾಣಂತನಕ್ಕೆ ಹೋಗಿದ್ದಾಳೆ, ನಾನು ಜೋಡಿಸುತ್ತೇನೆ ಎಂದರೆ ಮಾವ ಬೇಡವೆನ್ನುತ್ತಾರೆ ಎಂದೆ. ಹೊಸ್ತಿಲಲ್ಲೇ ನಿಂತು, ಒಳಗೂ ಬರದೆ ಕೇಳಿದೆ. "ಅಕ್ಕಾರ, ಆವತ್ತ ನೀವ ಇದ್ರಿ. ನಮ್ಮತ್ತಿ ಸಾಯೂ ಮುಂದ ನಿಂದೇನ ತಪ್ಪಿಲ್ಲವಾ ಅಂದ್ರು. ಪಾಪ, ಕ್ಷಮಾ ಮಾಡಿ ಹೋದ್ರು. ಆದ್ರ ನನಗ ಖರೇ ಗೊತ್ತಾಗಬೇಕ್ರಿ. ನಾ ಪಾತೇಲಿ ಒಲಿ ಅಂಚಿಗೆ ಇಟ್ಟಿದ್ನೇನ್ರಿ? ಗ್ವಾಡಿಗೆ ಹಚ್ಚಿ ಇಟ್ಟಾಂಗ ನೆನಪೈತಿ. ಎಲ್ಲಾರೂ ಹೇಳಿ ಹೇಳಿ ಈಗ ಅಂಚಿಗೆ ಇಟ್ಟಾಂಗೂ ನೆನಪ ಆಗತೈತಿ."

ಕುಂಬಳಕಾಯಿ ಕದ್ದವಳು ನಾನು, ಹೆಗಲು ಮುಟ್ಟಿ ನೋಡಿಕೊಂಡವಳು ನೀನು. ಅಷ್ಟಾದರೂ ನನ್ನ ಬಾಯಿ ಏನು ಹೇಳಿತು? "ಹಳೇದನ್ನ ಯಾಕ ಕೆದಕ್ತಿ ಗಿರಿಜಾ. ಆಗಿದ್ದ ಆತು."

"ಅಂದ್ರ ನಾನ ಇಟ್ಟಿದ್ದೆ" ಎಂದೆ ನೀನು. ಸೆರಗಿನಿಂದ ಮುಖ ಒರೆಸಿಕೊಂಡೆ. ಬಗ್ಗಿ ನನ್ನ ಕಾಲು ಮುಟ್ಟಿದೆ – ಅತ್ತೆಯ ಕೈ ಉಳಿಸಿದ್ದಕ್ಕೆ. ಹೊರಟುಹೋದೆ.

ಪಾತೇಲಿ ಒದ್ದ ಕಾಲು ಅದು. ಆ ಕಾಲನ್ನು ಮೂರು ದಿನ ನೋಡಿಕೊಂಡೆ. ನಾಲ್ಕನೆಯ ದಿನ ನಿಮ್ಮ ಮನೆಗೆ ಬಂದೆ. ನಿನ್ನ ಮಾವ, ನಿನ್ನ ಗಂಡ, ಗುರವ್ವ, ನೀನು ಎಲ್ಲರೂ ಇದ್ದಾಗ, ನಿಂತೇ ಹೇಳಿದೆ. ಪ್ಲಾಸ್ಟರ್, ಉಪ್ಪು, ಉಳಿ, ಆಣೆ – ಒಂದನ್ನೂ ಬಿಡಲಿಲ್ಲ. ಬೈಯುತ್ತಾರೆ, ಹೊಡೆದರೂ ಹೊಡೆದಾರು ಎಂದು ನಿಂತಿದ್ದೆ. ಈರಪ್ಪ ಕಣ್ಣು ಒರೆಸಿಕೊಂಡು ಏನೆಂದ?

"ಅಕ್ಕಾರ, ನಿಮ್ಮದು ಭಾಳ ದೊಡ್ಡ ಮನಸ್ಸು. ನಮ್ಮಾಕೀನೂ ಸಾಯೂತನಕ ಹಿಂಗ ಮುಚ್ಚಿಕೋತ ಬಂದ್ಲು. ಈಗ ನೀವು ಈಕಿ ಸಲುವಾಗಿ ಸುಳ್ಳ ಹೇಳಾಕತ್ತೀರಿ. ಕುಂದರ್ರಿ, ಚಹಾ ತಗೋರ್ರಿ."

ಗುರವ್ವ ತಲೆಯಾಡಿಸಿದಳು. ಬಸವರಾಜ ಚಾಪೆ ಹಾಸಿದ. ಒಂಬತ್ತು ವರ್ಷ ಸುಳ್ಳನ್ನು ನಂಬಿದವರು, ಖರೇ ಹೇಳಿದ ದಿನ ನನಗೆ ಚಾಪೆ ಹಾಸಿದರು. ನಿಮ್ಮ ಮನೆಯ ಹೆಂಗಸಿನ ಮೇಲೆ ಇಲ್ಲದ ತಪ್ಪು ಹೊರಿಸಲು ಒಂದು ಉರುಳಿದ ಪಾತೇಲಿ ಸಾಕಾಯಿತು, ಇಳಿಸಲು ಮಾಡಿದವಳೇ ಬಂದು ಒಪ್ಪಿಕೊಂಡರೂ ಸಾಲದೇ ಎಂದು ಕೂಗಾಡಿದೆ. ಅಕ್ಕಾರಿಗೆ ಬಿಸಿಲು ತಾಗಿದೆ ಎಂದರು.

ನೀನೊಬ್ಬಳು ನಂಬಿದೆ. ಗೋಡೆಗೆ ಒರಗಿ ನಿಂತಿದ್ದವಳು ನನ್ನ ಎದುರಿಗೆ ಬಂದು ಕೇಳಿದೆ. "ಪಾತೇಲಿ ಎಲ್ಲಿತ್ತು?"

"ಒಲಿ ಹಿಂದ, ಗ್ವಾಡಿಗೆ ಹತ್ತಿ, ಮುಚ್ಚಳ ಮುಚ್ಚಿ."

ನೀನು ಅಳಲಿಲ್ಲ. ನಿನ್ನ ಮುಖ ಕೆಂಪಗಾಯಿತು. ಇಷ್ಟು ವರ್ಷದಲ್ಲಿ ನಿನ್ನ ಸಿಟ್ಟನ್ನು ನಾನು ಕಂಡದ್ದು ಅವತ್ತೇ. ನ್ಯಾಯವಾಗಿ ನನ್ನ ಪಾಲಿಗೆ ಬಂದದ್ದು ಅದೊಂದೇ. ಮಾಫಿ ಎಂಬ ಮಾತು ನನ್ನ ಬಾಯಿಗೆ ಬಂದಿತ್ತು, ನೀನು ಕೈ ಎತ್ತಿ ತಡೆದೆ. "ಅದನ್ನ ಬಿಡ್ರಿ. ಬಾಯಿಲೇ ಹೇಳಿದ್ರ ಇವರು ದೊಡ್ಡ ಮನಸ್ಸು ಅಂತಾರ. ಬರದ ಕೊಡ್ರಿ. ಏನ ಮಾಡಿದ್ರಿ ಅಷ್ಟ ಬರೀರಿ, ಹೆಸರ ಹಾಕಿ ಸಹಿ ಮಾಡ್ರಿ. ಓಣ್ಯಾಗ ನಿಂತ ನಾನ ಓದ್ತೀನಿ."

ಅದಕ್ಕೇ ಬರೆದಿದ್ದೇನೆ, ಮಾಫಿ ಕೇಳದೆ ಬರೆದಿದ್ದೇನೆ. ಇದರದೇ ಇನ್ನೊಂದು ಪ್ರತಿಯನ್ನು ಶಾಲೆಗೆ ಕೊಟ್ಟಿದ್ದೇನೆ, ಬಹುಮಾನ ಕೊಟ್ಟವರಿಗೂ ಕಳಿಸಿದ್ದೇನೆ. ನೌಕರಿ ಉಳಿಯುವುದಿಲ್ಲ. ಹೋಗಲಿ. ನೀನು ಓದುವ ದಿನ ನಾನೂ ಓಣಿಯಲ್ಲಿ ನಿಂತಿರುತ್ತೇನೆ. ಯಾರಾದರೂ ದೊಡ್ಡ ಮನಸ್ಸು ಎಂದು ಬಾಯಿ ತೆರೆದರೆ ಅವರಿಗೆ ಉತ್ತರ ಕೊಡಲು.

ಆದರೆ ಒಪ್ಪಿಕೊಂಡ ಆ ದಿನ ನಾನು ನಿಮ್ಮ ಮನೆಯಿಂದ ಹೊರಡುವ ಮೊದಲು ಕಂಡದ್ದನ್ನೂ ಇಲ್ಲಿ ಬರೆಯಬೇಕು, ಅದೂ ನಾನು ಮಾಡಿದ್ದೇ. ನೀನು ಯಾರನ್ನೂ ಕೇಳದೆ ಒಳಗೆ ಹೋಗಿ ಹೊಸ ಹಾಸಿನ ಮುಂದೆ ಕೂತೆ. ಒಲೆಯಿಂದ ಚಿಟಿಕೆ ಬೂದಿ ತಂದು ಬೆರಳಿಗೆ ಹಚ್ಚಿಕೊಂಡೆ. ಗುರವ್ವ ಏನೋ ಅನ್ನಲು ಬಂದವಳು ನಿನ್ನ ಮುಖ ನೋಡಿ ಪಡಸಾಲೆಗೆ ವಾಪಸು ಹೋದಳು. ಹಳೆಯ ಎಳೆ, ಹೊಸ ಎಳೆ ಹಿಡಿದು ಹೊಸೆದೆ, ಬಿಚ್ಚಿಕೊಂಡಿತು. ಮತ್ತೆ ಹೊಸೆದೆ, ಮತ್ತೆ ಬಿಚ್ಚಿಕೊಂಡಿತು. ಆರೇಳು ಸಲ. ಕೊನೆಗೆ ತಲೆಯೆತ್ತದೆ ಕೇಳಿದೆ – "ಮಾವಾರ, ಅತ್ತಿ ಹೆಬ್ಬೆರಳು ಮುಂದ ತರತಿದ್ರೋ, ಹಿಂದ ಒಯ್ತಿದ್ರೋ?"

ಈರಪ್ಪ ಹಾಸಿನ ಹತ್ತಿರ ಬಂದ. ತನ್ನ ಹೆಬ್ಬೆರಳನ್ನು ಮುಂದೆ ತಂದು ನೋಡಿದ, ಹಿಂದೆ ಒಯ್ದು ನೋಡಿದ. "ನಾ ನೋಡಿಟ್ಟಕೊಳ್ಳಲಿಲ್ಲವಾ. ಅದು ಆಕೀಗಷ್ಟ ಗೊತ್ತಿತ್ತು" ಎಂದ.

ಸುಮಿತ್ರಾ, ಗಜೇಂದ್ರಗಡ.